ದೊಡ್ಡಮ್ಮನ ದವಡೆಯ ಚಿತ್ರ ತೆಗೆದ ಯಂತ್ರಕ್ಕೆ

ಮಾನ್ಯ ದವಡೆ ಎಕ್ಸ್‌ರೇ ಯಂತ್ರದವರೇ,

ದಂತ ವಿಭಾಗದ ಕೊನೆಯ ಕೋಣೆಯಲ್ಲಿ, ಸೀಸದ ಬಾಗಿಲಿನ ಹಿಂದೆ ಒಂಟಿಗಾಲಿನಲ್ಲಿ ನಿಂತು, ಬಂದವರ ತಲೆಗೆಲ್ಲ ಪ್ರದಕ್ಷಿಣೆ ಹಾಕುವ ತಮಗೆ ಅನಂತ ವಂದನೆಗಳು. ಯಂತ್ರವೊಂದು ಮನುಷ್ಯರಿಗೆ ಇಷ್ಟು ಮರ್ಯಾದೆ ಕೊಡುವುದನ್ನು ನಾನು ಬೇರೆಲ್ಲೂ ಕಾಣದ್ದರಿಂದ, ನನ್ನ ದೂರನ್ನೂ ಕೈಮುಗಿದೇ ಹೇಳಿಕೊಳ್ಳುತ್ತಿದ್ದೇನೆ.

ನನ್ನ ದೊಡ್ಡಮ್ಮನಿಗೆ ರಕ್ತದ ಕ್ಯಾನ್ಸರ್. ಅದು ರಕ್ತದಲ್ಲಿ ತೆಪ್ಪಗಿರದೆ ಮೂಳೆಗಳಿಗೂ ಬಾಯಿ ಹಾಕುತ್ತದಂತೆ. ಮೂಳೆ ಗಟ್ಟಿಮಾಡುವ ಔಷಧಿ ಶುರುಮಾಡುವ ಮೊದಲು ದವಡೆಯ ಅಂಚು ಎಷ್ಟು ತೆಳುವಾಗಿದೆ, ಎಲ್ಲಿ ತೂತು ಬಿದ್ದಿದೆ, ಯಾವ ಹಲ್ಲಿನ ಬುಡ ಕೆಟ್ಟಿದೆ ಎಂಬುದನ್ನೆಲ್ಲ ತಮ್ಮ ಚಿತ್ರದಲ್ಲಿ ನೋಡಲೇಬೇಕು, ಚಿತ್ರವಿಲ್ಲದೆ ಔಷಧಿಯಿಲ್ಲ ಎಂದು ಹಲ್ಲಿನ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು.

ತಮ್ಮ ಷರತ್ತು ಒಂದೇ: ತಾವು ಒಂದು ಸುತ್ತು ಮುಗಿಸುವವರೆಗೆ ದವಡೆ ಅಲ್ಲಾಡಬಾರದು. ಆ ದವಡೆ ಯಾರದ್ದೆಂದು ಮೊದಲೇ ವಿಚಾರಿಸಿಕೊಂಡಿದ್ದರೆ ತಾವು ಈ ಷರತ್ತು ಹಾಕುತ್ತಿರಲಿಲ್ಲ. ನಮ್ಮ ದೊಡ್ಡಮ್ಮ ನಿದ್ದೆಯಲ್ಲೂ ತರಕಾರಿಯವನ ಜೊತೆ ಚೌಕಾಸಿ ಮಾಡುವವರು. ನನಗೆ ಮಾತೇ ಬರುವುದಿಲ್ಲವೆಂದು ನೆಂಟರೆಲ್ಲ ತಿಳಿದಿರುವುದಕ್ಕೂ ಅವರೇ ಕಾರಣ; ಮನೆಯಲ್ಲಿ ನನ್ನ ಸರದಿ ಬರುವುದೇ ಇಲ್ಲ.

ಮೊದಲ ಸಲ, ಗಲ್ಲ ಒರಗಿಸಿ, ಪ್ಲಾಸ್ಟಿಕ್ ಕಡ್ಡಿ ಕಚ್ಚಿಸಿ, ಎಕ್ಸ್‌ರೇ ತೆಗೆಯುವವರು ನನ್ನ ಜೊತೆ ಗಾಜಿನ ಕಿಟಕಿಯ ಆಚೆ ನಿಂತು "ಅಮ್ಮಾ, ಮಾತಾಡ್ಬೇಡಿ" ಎಂದರು. ತಾವು ಅರ್ಧ ಸುತ್ತು ಬಂದಿದ್ದಾಗ ದೊಡ್ಡಮ್ಮ ಕಡ್ಡಿ ಉಗುಳಿ "ನಾನೆಲ್ಲಪ್ಪಾ ಮಾತಾಡ್ದೆ?" ಎಂದು ಕೇಳಿದರು. ಅದನ್ನೂ ತಾವು ನಿಷ್ಠೆಯಿಂದ ಚಿತ್ರಿಸಿದಿರಿ. ದವಡೆ ಅಲೆಅಲೆಯಾಗಿ, ಹಲ್ಲುಗಳು ಜೋಡಿಜೋಡಿಯಾಗಿ ಮೂಡಿದ್ದವು. ಉದುರಿದ ಹಲ್ಲುಗಳ ಲೆಕ್ಕ ಸರಿಹೋಯಿತೆಂದು ದೊಡ್ಡಮ್ಮನಿಗೆ ಖುಷಿಯೇ ಆಯಿತು, ಡಾಕ್ಟರಮ್ಮನಿಗೆ ಆಗಲಿಲ್ಲ. ಎರಡನೆಯ ಸಲ ತಾವು ಕಿವಿಯ ಹತ್ತಿರ ಬಂದಾಗ "ಇದಕ್ಕೆ ಎಣ್ಣೆ ಬಿಟ್ಟು ಎಷ್ಟು ಕಾಲ ಆಯ್ತು?" ಎಂದು ತಮ್ಮ ಯೋಗಕ್ಷೇಮವನ್ನೇ ವಿಚಾರಿಸಿದರು.

ಇವತ್ತಿಗೆ ಇನ್ನೊಂದೇ ಸಲ, ಅದೂ ಕೆಟ್ಟರೆ ಮುಂದಿನ ವಾರ, ಔಷಧಿಯೂ ಆಮೇಲೆಯೇ ಎಂದು ಚಿತ್ರ ತೆಗೆಯುವವರು ಹೇಳಿದರು. ಆಗಲೇ ನಾನು ಗಾಜಿನಿಂದ ಕಂಡದ್ದು, ದೊಡ್ಡಮ್ಮ ತಮ್ಮ ಹಿಡಿಕೆಯನ್ನು ಮುಳುಗುವವರು ಹಗ್ಗ ಹಿಡಿದಂತೆ ಅವುಚಿಕೊಂಡಿದ್ದರು. ಅವರು ಮಾತಾಡುತ್ತಿದ್ದುದು ಅಭ್ಯಾಸಬಲದಿಂದಲ್ಲ, ಹೆದರಿಕೆಯಿಂದ. ತಾವು ಹೊರಟಿರಿ, ಅವರ ತುಟಿ ಅದುರಿತು, ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೇಳಲೂ ನಾಚುವ ನಾನು ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿಬಿಟ್ಟೆ: "ದೊಡ್ಡಮ್ಮಾ, ನಾನೊಬ್ಬ ಹುಡುಗನ್ನ ಇಷ್ಟಪಟ್ಟಿದೀನಿ!"

ದೊಡ್ಡಮ್ಮ ಕಲ್ಲಾದರು. ತಾವು ಈ ಕಿವಿಯಿಂದ ಆ ಕಿವಿಯವರೆಗೆ ಸಾವಕಾಶವಾಗಿ ಸಾಗಿದಿರಿ. ಚಿತ್ರ ನಿಚ್ಚಳವಾಗಿ ಬಂತು. ಅಂಚು ತೆಳುವಾಗಿದೆ, ಸಣ್ಣ ತೂತುಗಳೂ ಇವೆ, ಆದರೆ ಹಲ್ಲುಗಳ ಬುಡ ಭದ್ರವಾಗಿದೆ, ಔಷಧಿ ನಾಳೆಯಿಂದಲೇ ಶುರು. "ಇಷ್ಟು ದುಡಿದ ದವಡೆಗೆ ಇದು ಪರವಾಗಿಲ್ಲ ಕಣಮ್ಮ" ಎಂದು ಡಾಕ್ಟರಮ್ಮ ನಕ್ಕರು.

ಇನ್ನು ನನ್ನ ದೂರು. ಅಂಥ ಹುಡುಗ ಯಾರೂ ಇಲ್ಲ. ಕಡ್ಡಿ ಬಾಯಿಂದ ಈಚೆ ಬರುವ ಮೊದಲೇ ದೊಡ್ಡಮ್ಮ ಅವನ ಎತ್ತರ ಕೇಳಿದರು, ಕಾರಿಡಾರಿನಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದವರೆಲ್ಲ ನನಗೆ ಶುಭ ಹಾರೈಸಿದರು. ಇದಕ್ಕೆಲ್ಲ ಮೂಲಕಾರಣರಾದ ತಾವೇ ಒಬ್ಬ ಹುಡುಗನನ್ನು ಒದಗಿಸಬೇಕು. ಮೂಳೆಯೊಳಗಿನ ತೂತನ್ನು ಹುಡುಕುವವರಿಗೆ ಇದೇನು ಮಹಾ? ದವಡೆ ಕಡಿಮೆ ಆಡಿಸುವವನಾದರೆ ಒಳ್ಳೆಯದು, ನಮ್ಮ ಮನೆಯಲ್ಲಿ ಇನ್ನೊಂದು ಮಾತಾಡುವ ದವಡೆಗೆ ಜಾಗವಿಲ್ಲ. ಅದಾಗದಿದ್ದರೆ, ಮುಂದಿನ ತಪಾಸಣೆಯೊಳಗೆ ತಾವು ಮಾತಾಡುವ ದವಡೆಯ ಚಿತ್ರ ತೆಗೆಯಲು ಕಲಿಯತಕ್ಕದ್ದು.

ತಮ್ಮ ವಿಶ್ವಾಸಿ,
ಗಾಜಿನ ಆಚೆಯಿಂದ ಕೂಗಿದವಳು

ವಿ.ಸೂ.: ಈ ಪತ್ರ ದೊಡ್ಡಮ್ಮನ ಕೈಗೆ ಸಿಕ್ಕಿ, ಹುಡುಗನಿಲ್ಲವೆಂದು ತಿಳಿದು, ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಚಿತ್ರ ತೆಗೆಯಲು ಸುಸಮಯವೆಂದು ತಾವು ಖುಷಿಪಡಬೇಡಿ. ಮಾತು ಬಿಟ್ಟಿರುವ ವಿಷಯವನ್ನು ಬೆಳಗಿನಿಂದ ಅವರೇ ನನ್ನ ಕೋಣೆಗೆ ಬಂದು ಬಂದು, ವಿವರವಾಗಿ ಹೇಳಿ ಹೋಗುತ್ತಿದ್ದಾರೆ.