ಜಡ್ಜ್ ಸಾಹೇಬರ ಮುಂದೆ ಒಂದು ಹೆಸರು

ನನಗೆ ಬಾಯಿ ಕಡಿಮೆ ಎಂದು ಇದುವರೆಗೆ ಯಾರೂ ದೂರಿಲ್ಲ. ಧಾರವಾಡದಲ್ಲಿ ಓದುವಾಗ, ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸಿದ ಮೇಲೂ ಮಾತು ನಿಲ್ಲಿಸದೆ ಕೈಗೆ ಬಂದ ಬಹುಮಾನ ಕಳೆದುಕೊಂಡವಳು ನಾನು. ಸ್ಯಾನ್ ಡಿಯೇಗೋದ ಪ್ರಯೋಗಾಲಯ ಸೇರಿದ ಮೇಲಂತೂ, ಬರೆದರೆ ಒಂದು ಸಾಲು ತುಂಬುವಂಥ ಬ್ಯಾಕ್ಟೀರಿಯಾಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಅಮೆರಿಕನ್ನರನ್ನೇ ಬೆರಗುಗೊಳಿಸಿದ್ದೇನೆ. ಇಂಥ ನಾಲಿಗೆ ಜೀವಮಾನದಲ್ಲಿ ಒಂದೇ ಒಂದು ಸಲ ನನಗೆ ಕೈಕೊಟ್ಟಿತು. ಅದೂ ಎಲ್ಲಿ? ನನ್ನ ಮದುವೆಯ ತಯಾರಿಯಲ್ಲಿ. ಅದೂ ಯಾವುದಕ್ಕೆ? ಮೂರಕ್ಷರದ ಒಂದು ಹೆಸರಿಗೆ.

ಆಗ ಎಪ್ಪತ್ತರ ದಶಕದ ಆರಂಭ. ಹುಡುಗ ಮೈಸೂರಿನವರು, ಚಾಟ್ಸ್‌ವರ್ತ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಲಾಸ್ ಏಂಜಲೀಸಿನಲ್ಲಿ ಯಾರದೋ ಮನೆಯ ಯುಗಾದಿ ಊಟಕ್ಕೆ ಸೇರಿದಾಗ, ನಾನು ಮಾಡಿಕೊಂಡು ಹೋಗಿದ್ದ ಎಣ್ಣೆಗಾಯಿಯನ್ನು ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತ ಮತ್ತೆ ಹಾಕಿಸಿಕೊಂಡು ತಿಂದರು. ಹುಳಿಗೂ ಬೆಲ್ಲ ಹಾಕುವ ಊರಿನವರ ಪ್ರೀತಿಗೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಕಿರಲಿಲ್ಲ. ಆಮೇಲೆ ಪ್ರತಿ ಶನಿವಾರ ಲಾಸ್ ಏಂಜಲೀಸಿನಾಚೆಯ ಆ ಚಾಟ್ಸ್‌ವರ್ತ್‌ನಿಂದ ಸ್ಯಾನ್ ಡಿಯೇಗೋವರೆಗೆ ಡ್ರೈವ್ ಮಾಡಿಕೊಂಡು ಬರತೊಡಗಿದರು. ಮದುವೆ ಎಂದು ತೀರ್ಮಾನವಾದಾಗ ನಾನು ಧಾರವಾಡಕ್ಕೆ ಟ್ರಂಕ್ ಕಾಲ್ ಹಚ್ಚಿದೆ. ಅವ್ವನಿಗೆ ಮಂಡಿನೋವು, ಜೊತೆಗೆ ವಿಮಾನವೆಂದರೆ ಭಯ. ಬರುವ ಮಾತೇ ಇರಲಿಲ್ಲ. ಆದರೂ ಆ ಗರಗರ ಸದ್ದಿನ ನಡುವೆ ಕೂಗಿ ಹೇಳಿದಳು: "ಪುರೋಹಿತರಿಲ್ಲ ಅಂತಿ, ವಾದ್ಯ ಇಲ್ಲ ಅಂತಿ, ಹುಡುಗ ಮೈಸೂರಿನಾಂವ ಅಂತಿ. ಎಲ್ಲಾ ಒಪ್ಪೇನಿ. ನಂದೊಂದು ಮಾತು ನಡಿಸಿಕೊಡು. ಆ ದೇಶದ ಮಂದಿ ಹಂಗ ಗಂಡನ ಹೆಸರು ಹಿಡದು ಕರೀಬ್ಯಾಡ." ನಾನು "ಇಲ್ಲ ಬೇ ಅವ್ವಾ, ಆಣಿ ಮಾಡಿ ಹೇಳ್ತೇನಿ" ಎಂದೆ. ಇಷ್ಟೆಲ್ಲ ಬಿಟ್ಟುಕೊಟ್ಟ ಅವ್ವನಿಗೆ ಅಷ್ಟಾದರೂ ಕೊಡಬೇಡವೇ?

ಪುರೋಹಿತರು ಆ ಸೀಮೆಯಲ್ಲಿ ಎಲ್ಲೋ ಇದ್ದರೇನೋ, ನಮಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಆದ್ದರಿಂದ ಕಾನೂನಿನ ಪ್ರಕಾರದ ಮದುವೆ ಎಂದು ನಿಶ್ಚಯಿಸಿದೆವು. ಸ್ಯಾನ್ ಡಿಯೇಗೋದಲ್ಲಿ ನನಗೆ ತಾಯಿಯ ಸ್ಥಾನದಲ್ಲಿ ನಿಂತವರು ಶಾರದಕ್ಕ. ಗದಗಿನವರು, ಡಾಕ್ಟರರ ಹೆಂಡತಿ. ಅಡುಗೆ ನಂದು, ಹೂವು ನಂದು, ನೀನು ಸುಮ್ಮನೆ ಕೂತಿರು ಎಂದು ಎಲ್ಲವನ್ನೂ ಮೈಮೇಲೆ ಹಾಕಿಕೊಂಡರು. ಮದುವೆ ಮಾಡಿಸುವವರನ್ನು ಹುಡುಕಿದ್ದೂ ಅವರೇ. ಪಕ್ಕದ ಊರು ಡೆಲ್ ಮಾರ್‌ನಲ್ಲಿದ್ದ ಮಿಲ್ಲರ್ ಎಂಬ ನಿವೃತ್ತ ನ್ಯಾಯಾಧೀಶರು. ಬಿಳಿ ಹುಬ್ಬು, ನೆಟ್ಟಗಿನ ಬೆನ್ನು. ಸಮುದ್ರ ಕಾಣುವ ತಮ್ಮ ತೋಟದಲ್ಲೇ ಮದುವೆ ಮಾಡಿಸುತ್ತಿದ್ದರು.

ಮೊದಲ ದಿನ ನಮ್ಮನ್ನು ಕುರ್ಚಿ ಹಾಕಿ ಕೂರಿಸಿ, ಕೋರ್ಟಿನಲ್ಲಿ ವಿಚಾರಣೆ ಮಾಡಿದ ಹಾಗೆ ಒಂದೊಂದೇ ಕೇಳಿದರು. ಉಂಗುರ ಉಂಟೋ? ಇಲ್ಲ, ತಾಳಿ ಉಂಟು. ಸಂಗೀತ? ಶಾರದಕ್ಕ ಹಾಡುತ್ತಾರೆ, ತಡೆಯಲು ಯಾರಿಂದಲೂ ಆಗುವುದಿಲ್ಲ. ಕೊನೆಯಲ್ಲಿ ಗಂಡು ಹೆಣ್ಣಿಗೆ ಮುತ್ತು ಕೊಡುವುದು ವಾಡಿಕೆ ಎಂದಾಗ ಶಾರದಕ್ಕ ಕುರ್ಚಿಯಿಂದ ಅರ್ಧ ಎದ್ದರು. "ಅದೊಂದು ಬ್ಯಾಡ್ರಿ ಸಾಹೇಬ್ರ" ಎಂದು ಕನ್ನಡದಲ್ಲೇ ಹೇಳಿಬಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ, ಅದರ ಬದಲು ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ ಎಂದು ವಿವರಿಸಿದರು. ಜಡ್ಜ್ ಸಾಹೇಬರು ಮುಖದ ಒಂದು ಗೆರೆಯೂ ಅಲ್ಲಾಡದಂತೆ, ಮುತ್ತು ಎಂದು ಬರೆದಿದ್ದನ್ನು ಹೊಡೆದುಹಾಕಿ, ಜೀರಿಗೆ ಎಂದು ಬರೆದುಕೊಂಡರು.

ಮದುವೆಗೆ ಒಂದು ವಾರವಿದ್ದಾಗ ರಿಹರ್ಸಲ್. ನಾನು ಇಂಥವಳು, ಇಂಥವರನ್ನು ಗಂಡನಾಗಿ ಸ್ವೀಕರಿಸುತ್ತೇನೆ ಎಂದು ಹೇಳಬೇಕು, ಅಷ್ಟೇ. ಇವರು ನನ್ನ ಹೆಸರನ್ನು ಹಾಜರಿ ಕರೆಯುವ ಮೇಷ್ಟರ ಹಾಗೆ ಗಟ್ಟಿಯಾಗಿ ಕೂಗಿ ಹೇಳಿ ಮುಗಿಸಿದರು. ನನ್ನ ಸರದಿ ಬಂತು. ನನ್ನ ಹೆಸರು ಸಲೀಸಾಗಿ ಬಂತು. ಅವರ ಹೆಸರಿನ ಹತ್ತಿರ ಬರುತ್ತಲೇ ಅವ್ವನ ಮುಖ ಕಣ್ಣೆದುರು ಬಂತು. "ಇವರನ್ನು" ಎಂದೆ.

"ಇವರು ಅಂದರೆ ಯಾರು?" ಎಂದರು ಜಡ್ಜ್.

"ಅಲ್ಲಿ ನಿಂತಿದ್ದಾರಲ್ಲ, ಅವರು."

"ಈ ತೋಟದಲ್ಲಿ ನನ್ನನ್ನೂ ಸೇರಿಸಿ ಮೂವರು ಗಂಡಸರಿದ್ದಾರೆ" ಎಂದರು ಅವರು. ಮೂರನೆಯವರು ಶಾರದಕ್ಕನ ಗಂಡ. ಪಾಪ, ಅವರು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಇವರು ನನ್ನ ಕಿವಿಯಲ್ಲಿ "ಒಂದು ಹೆಸರು ತಾನೇ, ಹೇಳ್ಬಿಡು, ಊಟಕ್ಕೆ ಹೊತ್ತಾಯ್ತು" ಎಂದು ಪಿಸುಗುಟ್ಟಿದರು. ಅದನ್ನು ನೋಡಿದ್ದೇ ತಡ, ಜಡ್ಜ್ ಸಾಹೇಬರ ಬಿಳಿ ಹುಬ್ಬು ಗಂಟಿಕ್ಕಿತು. ನನ್ನನ್ನೊಬ್ಬಳನ್ನೇ ನಿಂಬೆಗಿಡದ ಕಡೆಗೆ ಕರೆದುಕೊಂಡು ಹೋದರು. ದನಿ ತಗ್ಗಿಸಿ ಕೇಳಿದರು: "ಮಗೂ, ಈ ಮದುವೆ ನಿನ್ನ ಮನಸ್ಸಿಗೆ ಬಂದು ಆಗುತ್ತಿದೆಯೋ, ಯಾರಾದರೂ ಬಲವಂತ ಮಾಡುತ್ತಿದ್ದಾರೋ? ಬೇಡವಾಗಿದ್ದರೆ ಈಗಲೇ ಹೇಳು. ನಾನೇ ಕಾರಿನಲ್ಲಿ ನಿನ್ನನ್ನು ಮನೆ ಮುಟ್ಟಿಸುತ್ತೇನೆ. ಯಾರೂ ನಿನ್ನನ್ನು ಏನೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ."

ನಗಬೇಕಾದ ಜಾಗ ಅದು. ನನಗೆ ಅಳು ಬಂತು. ನನ್ನವರೆಂಬವರು ಒಬ್ಬರೂ ಇಲ್ಲದ ದೇಶದಲ್ಲಿ, ಹೆಣ್ಣು ಹೆತ್ತ ತಂದೆ ಕೇಳಬೇಕಾದ ಮಾತನ್ನು ಯಾರೋ ಒಬ್ಬರು ಹಿರಿಯರು ನನ್ನನ್ನು ಕೇಳಿದ್ದರು. ಕಣ್ಣೀರು ತಡೆಯಲಾಗಲಿಲ್ಲ. ಅದನ್ನು ಕಂಡು ಅವರ ಅನುಮಾನ ಗಟ್ಟಿಯಾಯಿತು. "ಹುಡುಗಿಯ ಬಾಯಿಂದ ಹುಡುಗನ ಹೆಸರು ನನ್ನ ಕಿವಿಗೆ ಬೀಳದ ಹೊರತು ಈ ಮದುವೆಗೆ ನಾನು ಸಹಿ ಹಾಕುವುದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಗುಲಾಬಿ ಗಿಡದ ಪಕ್ಕದಲ್ಲಿ ನಿಂತಿದ್ದ ಇವರ ಮುಖ ಬಿಳಿಚಿಕೊಂಡಿತು. ಅಷ್ಟು ವಾರ ಡ್ರೈವ್ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಂಡರಂತೆ. ಆ ಕ್ಷಣ ನನಗೂ ಹಾಗೇ ಅನ್ನಿಸಿತ್ತು. ಹೇಳಿದರೆ ಅವ್ವನಿಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಮದುವೆಯೇ ಹೋಗುತ್ತದೆ.

ಆಗ ಮುಂದೆ ಬಂದವರು ಶಾರದಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಇವಳು ಅವ್ವನಿಗೆ ಮಾತು ಕೊಟ್ಟಿದ್ದಾಳೆ ಎಂದು ವಕೀಲರ ಹಾಗೆ ವಾದ ಮಂಡಿಸಿದರು. ಜಡ್ಜ್ ಸಾಹೇಬರು ಗಲ್ಲಕ್ಕೆ ಕೈಹಚ್ಚಿ ಕೇಳಿದರು. "ಇಂಥದೇ ಭಾಷೆ, ಇಂಥದೇ ಮಾತು ಅಂತ ಕಾನೂನು ಹೇಳುವುದಿಲ್ಲ. ಯಾವ ರೀತಿಯಲ್ಲಾದರೂ ಹೇಳಲಿ. ಆದರೆ ಹೇಳಬೇಕು" ಎಂದರು. ಶಾರದಕ್ಕನ ಮುಖ ಅರಳಿತು. ನನ್ನ ತಲೆಗೊಂದು ಮೊಟಕಿ, "ಹಂಗಾರ ಒಡಪು ಹೇಳು, ಹುಚ್ಚೀ!" ಎಂದರು.

ಒಡಪು ಎಂಬುದು ನಮ್ಮ ಕಡೆಯ ಹೆಂಗಸರು ತಮಗಾಗಿ ತೆಗೆದಿಟ್ಟುಕೊಂಡ ಹಿತ್ತಲ ಬಾಗಿಲು. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಸೇರಿಸಿ ಹೇಳಿದರೆ ಯಾವ ಅತ್ತೆಯದೂ ತಕರಾರಿಲ್ಲ. ಮದುವೆಯಲ್ಲಿ ಮದುಮಗಳನ್ನು ಹೊಸ್ತಿಲಲ್ಲೇ ತಡೆದು, ಒಡಪು ಹೇಳಿಸಿಯೇ ಒಳಗೆ ಬಿಡುತ್ತಾರೆ. ಇಷ್ಟು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಇಂಗ್ಲಿಷ್ ಮದುವೆಯಲ್ಲಿ ಒಡಪಿಗೆಲ್ಲಿ ಜಾಗ ಎಂದುಕೊಂಡಿದ್ದೆ. ಆ ವಾರವಿಡೀ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಅವುಗಳ ಪಾಡಿಗೆ ಬಿಟ್ಟು ಪ್ರಾಸ ಹುಡುಕಿದೆ.

ಮದುವೆಯ ದಿನ ಬಿಸಿಲಿತ್ತು. ಶಾರದಕ್ಕನ ಹಾಡು ಕೊನೆಗೂ ಮುಗಿಯಿತು. ಜಡ್ಜ್ ಸಾಹೇಬರು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿದೆ:

ಡೆಲ್ ಮಾರ್ ದಂಡ್ಯಾಗ ಸಮುದ್ರದ ತೆರಿ,
…… ರಾಯರು ನನ್ನ ಗಂಡ, ಜಡ್ಜ್ ಸಾಹೇಬ್ರ ಬರ್ಕೊಳ್ರಿ!

ಕನ್ನಡದವರೆಲ್ಲ ಘೊಳ್ಳೆಂದು ನಕ್ಕರು. ಶಾರದಕ್ಕ ತರ್ಜುಮೆ ಮಾಡಿ ಹೇಳಿದಾಗ, "ಇಷ್ಟು ವರ್ಷದಲ್ಲಿ ಮದುಮಗಳೇ ನನಗೆ ಆರ್ಡರ್ ಮಾಡಿದ್ದು ಇದೇ ಮೊದಲು" ಎಂದು ಜಡ್ಜ್ ಸಾಹೇಬರೂ ನಕ್ಕು, ಪೆನ್ನು ತೆಗೆದು ಸಹಿ ಹಾಕಿದರು. ಜೀರಿಗೆ ಬೆಲ್ಲ ತಮ್ಮ ತಲೆಗೂ ಬೇಕೆಂದು ಹಾಕಿಸಿಕೊಂಡರು. ಡೆಲ್ ಮಾರ್‌ನ ಇರುವೆಗಳಿಗೂ ಅಂದು ಮದುವೆಯೂಟ.

ಮಾರನೆಯ ದಿನ ಶಾರದಕ್ಕನ ಮನೆಯಿಂದ ಅವ್ವನಿಗೆ ಟ್ರಂಕ್ ಕಾಲ್ ಹಚ್ಚಿದೆವು. ಸೀರೆ ಯಾವುದು, ಊಟಕ್ಕೇನು, ಏನೂ ಕೇಳಲಿಲ್ಲ. "ಒಡಪು ಹೇಳಿದೇನು?" ಎಂದಳು. ಹೇಳಿದೆ ಎಂದೆ. "ಎಲ್ಲಿ, ಹೇಳ ನೋಡೂಣು." ಸಮುದ್ರದಾಚೆಗೆ ಕೇಳಿಸುವಂತೆ ಕೂಗಿ ಹೇಳಿದೆ. ಆ ಕಡೆ ನಗುವೋ ಅಳುವೋ ತಿಳಿಯದ ಸದ್ದು. ಆಮೇಲೆ, "ಹಂಗಾರ ಮದಿವಿ ಆತು ಬಿಡು" ಎಂದಳು. ನನ್ನ ಮದುವೆಯಾದದ್ದು ಆಗಲೇ ಎಂದು ಇಂದಿಗೂ ನನ್ನ ಲೆಕ್ಕ.

ಈಗ ನಮ್ಮ ಮಗಳು ಅಮೆರಿಕದ ಶಾಲೆಗೆ ಹೋಗುತ್ತಾಳೆ, ಅಪ್ಪನ ಹೆಸರನ್ನು ಎಗ್ಗಿಲ್ಲದೆ ಹೇಳುತ್ತಾಳೆ. ನಾನು ಮಾತ್ರ ಇಂದಿಗೂ "ಇಲ್ನೋಡ್ರಿ" ಎಂದೇ ಕರೆಯುವುದು. ಇದನ್ನು ಬರೆದು ಮುಗಿಸಿ ಇವರಿಗೆ ಓದಲು ಕೊಟ್ಟೆ. ಕೊನೆಯವರೆಗೂ ಓದಿ, ಕನ್ನಡಕ ತೆಗೆದು, "ಜಡ್ಜ್ ಹೆಸರಿದೆ, ಶಾರದಕ್ಕನ ಹೆಸರಿದೆ, ಇರುವೆಗಳನ್ನೂ ಬಿಟ್ಟಿಲ್ಲ. ನನ್ನ ಹೆಸರಿನ ಜಾಗದಲ್ಲಿ ಬರೀ ಚುಕ್ಕಿ ಇಟ್ಟಿದ್ದೀಯಲ್ಲೇ? ಓದೋರಿಗೆ ನಾನು ಯಾರು ಅಂತ ಗೊತ್ತಾಗೋದು ಹೇಗೆ?" ಎಂದರು.

"ಬೇಕಾದವರು ಜಡ್ಜ್ ಸಾಹೇಬ್ರನ್ನ ಕೇಳ್ಲಿ ಬಿಡ್ರಿ" ಎಂದೆ. "ಅವರು ಬರ್ಕೊಂಡಾರ."