ಮೂಲ ಮಾಲೀಕರ ಹಲ್ಲು

ನಮ್ಮ ಬೆಳ್ಳಿ ಅಂಗಡಿಯ ತಕ್ಕಡಿ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಸುಳ್ಳು ಹೇಳಿಲ್ಲ. ಅದು ಹೇಳಿದ್ದನ್ನು ತಿದ್ದುವ ಕೆಲಸ ನನ್ನದು. ನಾನು ಇಲ್ಲಿನ ಕಡಿತ ಗುಮಾಸ್ತ. ಮಾರಲು ಬಂದ ಬೆಳ್ಳಿಯಿಂದ ಏನೇನು ಕಳೆಯಬೇಕೋ ಅದನ್ನೆಲ್ಲ ನಿಯಮಾನುಸಾರ ಕಳೆದು, ಉಳಿದದ್ದಕ್ಕೆ ಚೀಟಿ ಬರೆಯುತ್ತೇನೆ. ಇದನ್ನು ಮೋಸ ಎನ್ನುವ ತಲೆಹರಟೆಗಳೂ ಇದ್ದಾರೆ. ನಿಯಮಗಳ ಪುಸ್ತಕ ಗಾಜಿನ ಪೆಟ್ಟಿಗೆಯಲ್ಲೇ ಇದೆ, ಬೇಕಾದವರು ಹೊರಗಿನಿಂದ ನೋಡಬಹುದು.

ಒಂದು ಸೋಮವಾರ ಅಜ್ಜಿಯೊಬ್ಬರು ಬೆಳ್ಳಿ ಹೂಜಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಬಾಯಲ್ಲಿ ಎರಡೇ ಹಲ್ಲು.

"ಹಲ್ಲಿನ ಸೆಟ್ ಕಟ್ಟಿಸಬೇಕಪ್ಪ," ಎಂದರು. "ನಾಲ್ಕು ವರ್ಷದಿಂದ ಸೊಸೆ ಎಲ್ಲಾನೂ ಮಿಕ್ಸಿಗೆ ಹಾಕಿ ಕೊಡ್ತಾಳೆ. ಏನು ಊಟ ಮಾಡಿದ್ರಿ ಅಂತ ಯಾರಾದ್ರೂ ಕೇಳಿದ್ರೆ ಬಣ್ಣ ಹೇಳ್ತೀನಿ."

ತಕ್ಕಡಿ ಎಂಟುನೂರು ಗ್ರಾಂ ತೋರಿಸಿತು. ನಾನು ಪೆನ್ನು ಬಿಚ್ಚಿದೆ. ಮೈಮೇಲಿನ ಕಪ್ಪಿಗೆ ನಲವತ್ತು ಕಳೆದೆ, ಹಿಡಿಯ ಬೆಸುಗೆಗೆ ತೊಂಬತ್ತು, ಕೆತ್ತಿದ ಹೆಸರಿಗೆ ಇಪ್ಪತ್ತು.

"ಹೆಸರಿಗ್ಯಾಕೆ?"

"ಕೆತ್ತಿದ ಜಾಗದಲ್ಲಿ ಬೆಳ್ಳಿ ಇಲ್ಲ ಅಜ್ಜಿ. ಇಲ್ಲದ ಬೆಳ್ಳಿಗೆ ದುಡ್ಡು ಕೊಡೋಕಾಗುತ್ತಾ?"

"ಇಲ್ಲದ ಬೆಳ್ಳಿ ತಕ್ಕಡಿಗೆ ಹೇಗೆ ಬಂತು?"

ಇಂಥ ಪ್ರಶ್ನೆಗೆ ಪುಸ್ತಕದಲ್ಲಿ ಅವಕಾಶವಿಲ್ಲ. ನಾನು ಮುಂದುವರಿದು, ಹೊಟ್ಟೆಯ ಮೇಲಿದ್ದ ತಗ್ಗಿಗೆ ಐವತ್ತು ಬರೆದೆ.

"ಅದು ನಮ್ಮನೆಯವರ ತಲೆಗೆ ಬಿದ್ದಿದ್ದು. ನಾನೇ ಬೀಸಿದ್ದು. ತಲೆಗೆ ಏನೂ ಆಗ್ಲಿಲ್ಲ, ಹೂಜಿ ತಗ್ಗಾಯ್ತು," ಎಂದು ಅಜ್ಜಿ ಇಷ್ಟಗಲ ನಕ್ಕರು.

ಕೊನೆಯದಾಗಿ ಕರಗಿಸುವಾಗಿನ ನಷ್ಟ, ನೂರು. ಕರಗಿಸುತ್ತೀರಾ ಎಂದು ಕೇಳಿದರು. ಇಲ್ಲ, ಆದರೆ ಕರಗಿಸಿದರೆ ನಷ್ಟವಾಗುತ್ತದಲ್ಲ ಎಂದೆ. ಉಳಿದ ಐನೂರು ಗ್ರಾಮಿಗೆ ಕೊಳ್ಳುವ ದರ ಕಟ್ಟಿ ಕೊಟ್ಟೆ. ಅಜ್ಜಿ ಎರಡು ಸಲ ಎಣಿಸಿದರು.

"ಇದರಲ್ಲಿ ಮೇಲಿನ ಸಾಲು ಮಾತ್ರ ಬರುತ್ತೆ. ಅದನ್ನ ಇಟ್ಕೊಂಡು ಯಾವುದರ ಮೇಲೆ ಕಡೀಲಿ?"

ಬೇಕಿದ್ದರೆ ಪಕ್ಕದ ಅಂಗಡಿಯಲ್ಲಿ ವಿಚಾರಿಸಿ ಎಂದೆ. ಅಲ್ಲೂ ಇದೇ ಪುಸ್ತಕ. ಅದು ನಮ್ಮ ಸಾಹುಕಾರರ ತಮ್ಮನ ಅಂಗಡಿ. ಅಜ್ಜಿ ಹೋಗಿ ಬಂದು, ತೆಪ್ಪಗೆ ಸಹಿ ಹಾಕಿದರು.

ಗುರುವಾರ ಅಜ್ಜಿ ಮತ್ತೆ ಬಂದರು. ಡಾಕ್ಟರು ಒಂದೇ ಸಾಲು ಮಾಡಿಕೊಡಲ್ಲ ಎಂದರಂತೆ; ದುಡ್ಡು ತಗೊಂಡು ಹೂಜಿ ವಾಪಸ್ ಕೊಡಿ ಎಂದು ಕೇಳಲು ಬಂದಿದ್ದರು. ಹೂಜಿ ಆಗಲೇ ಮುಂದಿನ ಗಾಜಿನ ಬೀರುವಿನಲ್ಲಿತ್ತು. ಪಕ್ಕದ ಫಲಕವನ್ನು ನಾನೇ ಬರೆದಿದ್ದೆ:

"ಅಪರೂಪದ ಮನೆತನದ ಹೂಜಿ. ತೂಕ ಪೂರ್ತಿ ಎಂಟುನೂರು ಗ್ರಾಂ. ಕಾಲವೇ ಬಳಿದ ಕಪ್ಪು, ದಯವಿಟ್ಟು ಒರೆಸಬೇಡಿ. ಕೈಕೆತ್ತನೆಯ ಅಕ್ಷರಗಳಿಗೆ ಕಲಾಶುಲ್ಕ ಪ್ರತ್ಯೇಕ. ಐತಿಹಾಸಿಕ ತಗ್ಗು ಒಂದು, ಶುಲ್ಕ ಪ್ರತ್ಯೇಕ. ಕರಗಿಸದೆ ಉಳಿಸಿದ್ದಕ್ಕೆ ಸಂರಕ್ಷಣಾ ಶುಲ್ಕ."

ಬೆಲೆ, ನಾವು ಕೊಟ್ಟದ್ದರ ನಾಲ್ಕರಷ್ಟು. ಶ್ರೀಮಂತ ಹೆಂಗಸೊಬ್ಬರು ಅದರ ಮುಂದೆ ಮೂಗು ಮುರಿಯುತ್ತಾ ನಿಂತಿದ್ದರು.

"ಅಯ್ಯಯ್ಯೋ, ಇದು ನಂದು!" ಎಂದರು ಅಜ್ಜಿ.

ಗಲಾಟೆಯಾಗುತ್ತದೆಂದು ನಾನು ಫಲಕಕ್ಕೆ ಅಡ್ಡ ನಿಂತೆ. ಆದರೆ ಹೆಂಗಸು ಕಣ್ಣರಳಿಸಿ ಅಜ್ಜಿಯ ಕೈ ಹಿಡಿದುಕೊಂಡರು. ಅಜ್ಜಿ ಬೊಚ್ಚುಬಾಯಲ್ಲಿ ಗಂಡನ ತಲೆಯ ಕಥೆ ಹೇಳಿದರು. ಅರ್ಧ ಅರ್ಥವಾಯಿತು, ಇನ್ನರ್ಧ ಉಗುಳಾಗಿ ಬಂತು. ಹೆಂಗಸು ನಾವು ಕೇಳಿದಷ್ಟೂ ಕೊಟ್ಟು, ಮೇಲೆ ಇನ್ನಷ್ಟು ಸೇರಿಸಿ ಹೂಜಿ ಒಯ್ದರು.

ಸಾಹುಕಾರರು ಅಂದೇ ನೇಮಕಾತಿ ಆದೇಶ ಹೊರಡಿಸಿದರು. ಅಜ್ಜಿ ನಮ್ಮ ಸಂಸ್ಥೆಯ ಕಾಯಂ "ಮೂಲ ಮಾಲೀಕರು". ಒಂದು ಕುರ್ಚಿ, ಒಂದು ಶಾಲು, ತಿಂಗಳ ಸಂಬಳ. ಅಲ್ಲಿಂದ ಮುಂದೆ ಅಂಗಡಿಯ ಪ್ರತಿ ಚಮಚವೂ ಪ್ರತಿ ತಟ್ಟೆಯೂ ಅವರ ತವರಿಂದಲೇ ಬಂದದ್ದು. ಹಿಂದಿನ ಕೋಣೆಯಲ್ಲಿ ಕಳೆದ ವಾರ ಮಾಡಿದ ಬಟ್ಟಲುಗಳನ್ನೂ ಅವರು ಕಣ್ಣೀರಿಟ್ಟು ಬೀಳ್ಕೊಟ್ಟರು. ಒಂದು ಮಧ್ಯಾಹ್ನವಂತೂ ಹೊಸ ಸಕ್ಕರೆ ಡಬ್ಬಿಯೊಂದನ್ನು ತಬ್ಬಿ ಬಿಡಲೇ ಇಲ್ಲ. ಗಿರಾಕಿ ತಾವೇ ಬೆಲೆ ಏರಿಸಿದರು.

ಮೂರನೆಯ ತಿಂಗಳು ಅಜ್ಜಿ ರಜೆ ಅರ್ಜಿ ಬರೆದರು. ಎರಡೂ ಸಾಲಿಗೆ ಬೇಕಾದಷ್ಟು ದುಡ್ಡು ಕೂಡಿತ್ತು. ಸಾಹುಕಾರರು ಅರ್ಜಿ ಓದಿ ಕನ್ನಡಕ ತೆಗೆದರು.

"ನಿಯಮ ಏಳು ಓದಿಲ್ವಾ ಅಜ್ಜಿ? ಮೂಲ ಮಾಲೀಕರು ತಮ್ಮ ಮೂಲಸ್ಥಿತಿ ಬದಲಾಯಿಸೋ ಹಾಗಿಲ್ಲ. ಫಳಫಳ ಅನ್ನೋ ಹಲ್ಲಿಟ್ಕೊಂಡು ಕೂತ್ರೆ ಬೆಳ್ಳಿ ಹಳೇದು ಅಂತ ಯಾರು ನಂಬ್ತಾರೆ?"

"ನಾನು ಇಲ್ಲಿಗೆ ಬಂದಿದ್ದೇ ಹಲ್ಲಿಗೋಸ್ಕರ ಅಲ್ವೇನಪ್ಪ?"

"ಅದಕ್ಕೇ ಅಲ್ವಾ ಕೆಲಸ ಸಿಕ್ಕಿದ್ದು?"

ಅಜ್ಜಿ ನನ್ನ ಮುಖ ನೋಡಿದರು. ನಾನು ಲೆಕ್ಕ ಹಾಕಿ ತೋರಿಸಿದೆ. ಹಲ್ಲು ಬಂದರೆ ವ್ಯಾಪಾರ ಮೂರನೇ ಒಂದು ಭಾಗ ಕಮ್ಮಿ. ಸಂಜೆ ಸೊಸೆಯೂ ಓಡಿ ಬಂದಳು. "ಅತ್ತೆ, ಹಲ್ಲು ಇವತ್ತಲ್ಲ ನಾಳೆ ಕಟ್ಟಿಸಬಹುದು. ಸಂಬಳ ಹೋದ್ರೆ ಬರುತ್ತಾ? ನಾನು ಇನ್ನೂ ನುಣ್ಣಗೆ ರುಬ್ಬಿ ಕೊಡ್ತೀನಿ."

ಅಜ್ಜಿ ತಮ್ಮ ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ವ್ಯಾಪಾರಸ್ಥರ ದನಿಯಲ್ಲಿ ಕೇಳಿದರು: "ಹಲ್ಲು ಇಲ್ಲದ್ದಕ್ಕೆ ಬೆಲೆ ಇದೆ ಅಂದ್ರೆ, ಇರೋ ಎರಡಕ್ಕೆ ಸಂಬಳದಲ್ಲಿ ಕಡಿತ ಆಗ್ತಿದೆಯಾ?"

ಕಡತ ತೆಗೆದು ನೋಡಿದೆ. ಆಗುತ್ತಿತ್ತು. ಮೊದಲ ತಿಂಗಳಿಂದ ನಾನೇ ಬರೆಯುತ್ತಾ ಬಂದಿದ್ದೆ.

ಮರುದಿನವೇ ಅಜ್ಜಿ ಕೂಡಿಟ್ಟ ದುಡ್ಡಿನಿಂದ ಆ ಎರಡನ್ನೂ ಕೀಳಿಸಿಕೊಂಡು ಬಂದರು. ಸಾಹುಕಾರರು ಸಿಬ್ಬಂದಿಯ ಎದುರು ಶಾಲು ಹೊದಿಸಿದರು, ಸೊಸೆ ಚಪ್ಪಾಳೆ ತಟ್ಟಿದಳು, ಕಡಿತ ರದ್ದಾಯಿತು. ಅಜ್ಜಿ ಸಂತೋಷದಿಂದ ನಾಲ್ಕು ಮಾತಾಡಿದರು. ಏನೆಂದು ಯಾರಿಗೂ ಒಂದಕ್ಷರವೂ ತಿಳಿಯಲಿಲ್ಲ. ಈಗ ಗಿರಾಕಿಗಳು ಅವರ ಮಾತು ಕೇಳಿ, ಕಣ್ಣೊರೆಸಿಕೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟು ಹೋಗುತ್ತಾರೆ.