ನಲವತ್ತು ಬಾಯಿ, ನಲವತ್ತು ಅಳತೆ ಜಂಪರು

ಮನೆಯಲ್ಲಿ ಓದಿದ ಹೆಂಗಸು ಒಬ್ಬಳಿದ್ದರೇ ಏನಾದರೊಂದು ನಡೆಯುತ್ತಿರುತ್ತದೆ. ಹೊಸಪೇಟೆಯ ನಮ್ಮ ಮನೆಯಲ್ಲಿ ಇಬ್ಬರಿದ್ದೇವೆ. ನಾನು ಆ ಕಾಲದ ಬಿ.ಎ., ಅದೂ ಪ್ರಥಮ ದರ್ಜೆ. ಸೊಸೆ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ನಡೆದದ್ದನ್ನೆಲ್ಲ ನಾನು ದಿನಾಂಕ ಸಮೇತ ಪುಸ್ತಕದಲ್ಲಿ ಬರೆದಿಡುತ್ತೇನೆ. ಆದ್ದರಿಂದ ಕೆಳಗಿನದರಲ್ಲಿ ಒಂದಕ್ಷರ ಸುಳ್ಳಿಲ್ಲ.

೧. ಮೊಣಕಾಲು

ವಿಶ್ವವಿದ್ಯಾಲಯದ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಸೊಸೆಯನ್ನು ಸದಸ್ಯೆಯಾಗಿ ತೆಗೆದುಕೊಂಡರು. ನಾನು ಓಣಿಗೆಲ್ಲ ಪೇಡೆ ಹಂಚಿದೆ. ಮರುದಿನ ಬೆಳಿಗ್ಗೆ ನೋಡಿದರೆ ಎದುರುಮನೆಯ ರೈಸ್‌ಮಿಲ್ಲಿನ ಯಜಮಾನರು ಧೋತರ ಮೇಲೆತ್ತಿಕೊಂಡು ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಾರೆ.

“ಸ್ವಲ್ಪ ಈ ಮೊಣಕಾಲು ನೋಡಮ್ಮ. ಮೆಟ್ಲಾ ಹತ್ತಾಕ ಆಗವಲ್ದು.”

“ಕಾಕಾ, ನಾನು ಆ ಡಾಕ್ಟರ್ ಅಲ್ರಿ. ಗಾಜಿನ ತಟ್ಟ್ಯಾಗ ಜೀವಕೋಶ ಬೆಳೆಸಿ ನೋಡಾಕಿ,” ಎಂದಳು ಸೊಸೆ.

ಅವರು ಸ್ವಲ್ಪ ಯೋಚಿಸಿ, ಮೊಣಕಾಲನ್ನು ಇನ್ನಷ್ಟು ಮುಂದೆ ಚಾಚಿದರು. “ಅವು ಇದರಾಗೂ ಇರ್ತಾವಲ್ಲಮ್ಮ. ಅವನ್ನಷ್ಟ ನೋಡು, ಮೊಣಕಾಲು ಬಿಡು.”

೨. ಪೇಡೆ ವಾಪಸ್

ಆ ಸಂಜೆ ಸೊಸೆ ಉಳಿದ ವಿಷಯ ಹೇಳಿದಳು. ಸದಸ್ಯತ್ವ ಒಂದು ವರ್ಷ ತಾತ್ಕಾಲಿಕವಂತೆ. ಕಂಪ್ಲಿ ಕಡೆಯ ನಲವತ್ತು ಹೆಂಗಸರ ಬಾಯಿ ತಪಾಸಣೆ ಮಾಡಿಸಿದರೆ ಕಾಯಂ. ಒಬ್ಬರು ಕಡಿಮೆಯಾದರೂ ಹೆಸರು ತೆಗೆಯುತ್ತಾರೆ.

“ಮೊದಲ ಯಾಕ ಹೇಳಲಿಲ್ಲ?” ಎಂದೆ.

“ನೀವು ಪೇಡೆ ತರಾಕ ಹೋಗಿದ್ರಿ, ಅತ್ತಿ. ಈಗ ವಾಪಸ್ ಕೇಳಾಕ ಬರ್ತೈತೇನ್ರಿ?”

ಕೇಳಬಹುದಿತ್ತು. ಯಾರು ಎಷ್ಟು ತಿಂದರೆಂಬುದು ನನ್ನ ಪುಸ್ತಕದಲ್ಲಿದೆ.

೩. ಎರಡು ಸಲ ತಿಕ್ಕಿದ್ದು

ಕಂಪ್ಲಿ ತಾಲ್ಲೂಕಿನ ಮೆಟ್ರಿ ನನ್ನ ತವರು. ಮನೆಮನೆಗೂ ನಾನೇ ಫೋನ್ ಮಾಡಿದೆ. ಮೊದಲ ದಿನ ಹೆಸರು ಬರೆದುಕೊಂಡು ಪ್ರಶ್ನೆ ಕೇಳುವುದು, ಹದಿನೈದು ದಿನ ಬಿಟ್ಟು ಹಲ್ಲಿನ ಡಾಕ್ಟರು ಬಂದು ಬಾಯಿ ನೋಡುವುದು ಎಂದು ಏರ್ಪಾಟು. ಊರ ಶಾಲೆಯ ಕೋಣೆಗೆ ಮೂವತ್ತೊಂಬತ್ತು ಜನ ಬಂದರು. ಸಂಖ್ಯೆ ತುಂಬಲಿ ಎಂದು ನಲವತ್ತನೆಯದಾಗಿ ನನ್ನ ಹೆಸರನ್ನೇ ಬರೆದುಕೊಂಡು, ಒಂದು ಸಣ್ಣ ಭಾಷಣವನ್ನೂ ಮಾಡಿದೆ.

“ನನ್ನ ಹಲ್ಲು ನೋಡ್ರಿ. ಈ ವಯಸ್ಸಿನಾಗೂ ಮುತ್ತಿನಂಗ ಅದಾವ. ಯಾಕ? ಬೇವಿನಕಡ್ಡಿ!”

ಎಲ್ಲರೂ ಬಾಯಿ ತೆರೆದು ಬೆರಗಾದರು. ತೆರೆದದ್ದೇ ತಡ, ಕೋಣೆಯ ತುಂಬ ತಂಬಾಕಿನ ಘಾಟು. ಸೊಸೆ ಸೀನಿ, ಸುಧಾರಿಸಿಕೊಂಡು, ಮುಂದೆ ಕುಳಿತಿದ್ದ ಮುದುಕಿಯನ್ನು ಕೇಳಿದಳು: “ಆಯಿ, ತಂಬಾಕ ತಿಂತೀರೇನ್ರಿ?”

“ಛೀ ಛೀ! ತಿನ್ನೋದಿಲ್ಲವ್ವ. ಅದರ ಪುಡಿ ಹಲ್ಲಿಗೆ ತಿಕ್ಕತೀವಿ, ಅಷ್ಟ. ಇವತ್ತು ಕ್ಯಾನ್ಸರಿನ ಮೇಡಮ್ಮಾರು ಬರ್ತಾರಂತ ಎಲ್ಲಾರೂ ಎರಡೆರಡು ಸಲ ತಿಕ್ಕೊಂಡು ಬಂದೀವಿ.”

೪. ಜಾಮೀನು

ಇಂಥ ಶಿಬಿರಕ್ಕೆ ಮೊದಲ ದಿನ ಬಂದವರು ಎರಡನೆಯ ಸಲ ಬರುವುದಿಲ್ಲ ಎಂದು ಸೊಸೆಗೆ ಚಿಂತೆ. ನನಗಿರಲಿಲ್ಲ. ಮೊದಲ ದಿನವೇ ಎಲ್ಲರಿಗೂ ಜಂಪರಿಗೆಂದು ಒಂದೊಂದು ಖಣ ಕೊಟ್ಟು, “ನಿಮ್ಮ ಅಳತೆ ಜಂಪರ್ ಕೊಟ್ಟು ಹೋಗ್ರಿ, ನಮ್ಮ ಟೇಲರ್ ಕಡೆ ಹೊಲಿಸಿ ಇಡ್ತೀನಿ,” ಎಂದಿದ್ದೆ. ನನ್ನ ಅಳತೆ ಜಂಪರನ್ನೂ ಆ ಗಂಟಿಗೇ ಸೇರಿಸಿದ್ದೆ.

“ಅತ್ತಿ, ಆಸೆ ತೋರ್ಸಿ ಕರೆಸಂಗಿಲ್ಲ. ನಿಯಮ ಐತಿ.”

“ಹೊಸಾದು ನನ್ನ ಉಡುಗೊರೆ. ಹಳೇದು ಅವರದ. ತಮ್ಮ ಜಂಪರ್ ತಾವು ಒಯ್ಯಾಕ ಬಂದ್ರ ನಿಮ್ಮ ಕೇಂದ್ರಕ್ಕೇನು ತೊಂದರೆ?”

ಮೈಗೆ ಸರಿಯಾಗಿ ಕೂರುವ ಅಳತೆ ಜಂಪರು ಹೆಂಗಸಿನ ಬಾಳಿನಲ್ಲಿ ಒಂದೇ ಇರುತ್ತದೆ. ಹದಿನೈದನೆಯ ದಿನ ಡಾಕ್ಟರಿಗಿಂತ ಒಂದು ತಾಸು ಮೊದಲೇ ಮೂವತ್ತೊಂಬತ್ತು ಜನ ಬಂದು ಕೂತಿದ್ದರು. “ಬಾಯಿ ಆಮೇಲೆ ನೋಡ್ರೆವ್ವಾ, ಮೊದಲ ಜಂಪರ್ ತೋರಿಸ್ರಿ,” ಎಂಬ ಗದ್ದಲ ಬೇರೆ.

೫. ನಲವತ್ತನೆಯ ಬಾಯಿ

ತಪಾಸಣೆಯ ಲೆಕ್ಕ ನೋಡಲು ಕೇಂದ್ರದ ಸಮಿತಿಯವರು ಹಂಪಿ ನೋಡಿಕೊಂಡು ಮಧ್ಯಾಹ್ನ ಬಂದರು. ಹಿರಿಯ ಮೇಡಂ ಪಟ್ಟಿಯ ಮೇಲೆ ಬೆರಳಾಡಿಸಿ, “ಮೂವತ್ತೊಂಬತ್ತು ಆಗಿದೆ. ಇನ್ನೊಬ್ಬರೆಲ್ಲಿ?” ಎಂದರು.

ಮೂವತ್ತೊಂಬತ್ತು ತಲೆಗಳು ನನ್ನ ಕಡೆ ತಿರುಗಿದವು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಪುಸ್ತಕದಲ್ಲಿ ಎಲ್ಲವೂ ಇದೆ, ಒಂದು ಸಂಗತಿ ಮಾತ್ರ ಇಲ್ಲ. ನನ್ನ ಮುತ್ತಿನಂಥ ಹಲ್ಲುಗಳು, ಮೇಲಿನವೂ ಕೆಳಗಿನವೂ, ಕಟ್ಟಿಸಿದ ಸೆಟ್ಟು. ಇದು ಮನೆಯವರನ್ನೂ ಸೆಟ್ಟು ಮಾಡಿಕೊಟ್ಟವರನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

“ನನಗ ಇಲ್ಲಿ ಬರಿಯೋ ಕೆಲಸ ಭಾಳ ಐತಿ,” ಎಂದೆ.

ಸೊಸೆ ಕಿವಿಯ ಹತ್ತಿರ ಬಾಗಿದಳು. “ಅತ್ತಿ, ನಾಳೆ ಸಂಡೂರಿನಾಗ ನಿಮ್ಮ ತಂಗಿ ಮಗಳ ನಿಶ್ಚಿತಾರ್ಥ. ನಿಮ್ಮ ಹೊಸ ಜಂಪರ್ ಇನ್ನಾ ಹೊಲಿಸಿಲ್ಲ. ನಿಮ್ಮ ಅಳತೆ ಜಂಪರ್ ನನ್ನ ಬ್ಯಾಗಿನಾಗೈತಿ.”

ನಾನೇ ಕಲಿಸಿದ ವಿದ್ಯೆ! ಎದ್ದು ಪರದೆಯ ಹಿಂದೆ ಹೋದೆ. ಹಲ್ಲಿನ ಡಾಕ್ಟರು ಒಮ್ಮೆ ನೋಡಿ, “ತೆಗೀರಿ ಅಮ್ಮ,” ಎಂದರು. ತೆಗೆದು ಟೇಬಲ್ಲಿನ ಮೇಲೆ ಕರವಸ್ತ್ರ ಹಾಸಿ ಇಟ್ಟೆ. ಡಾಕ್ಟರು ಬಾಯೊಳಗೆಲ್ಲ ಟಾರ್ಚ್ ಬಿಟ್ಟು, “ನಲವತ್ತು. ಏನೂ ತೊಂದರೆಯಿಲ್ಲ,” ಎಂದು ಕೂಗಿ ಹೇಳಿದರು. ಆಚೆಯಿಂದ ಹಿರಿಯ ಮೇಡಂ ದನಿ ಕೇಳಿತು: “ಸದಸ್ಯತ್ವ ಕಾಯಂ. ಅಭಿನಂದನೆಗಳು.” ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಕೆಯೆಂದು ಯಾರೋ ಫ್ಯಾನು ಜೋರು ಮಾಡಿದರು.

ಪರದೆ ಪೂರಾ ಹಾರಿಹೋಯಿತು.

ಚಪ್ಪಾಳೆ ನಿಂತಿತು. ಎಲ್ಲರೂ ಒಮ್ಮೆ ನನ್ನನ್ನು, ಒಮ್ಮೆ ಟೇಬಲ್ಲನ್ನು ನೋಡಿದರು. ಕಡೆಗೆ ತಂಬಾಕಿನ ಮುದುಕಿ ಎದ್ದು ಬಂದು, ಬಗ್ಗಿ ನೋಡಿ, ಬಹಳ ಕಳಕಳಿಯಿಂದ ಕೇಳಿದಳು:

“ಅಕ್ಕಾರ, ಬೇವಿನಕಡ್ಡಿ ದಿನಾ ತಿಕ್ಕಿದ್ರ ಹಿಂಗ ಸಾಲಿಗೆ ಸಾಲೇ ಕೈಗೆ ಬರ್ತಾವೇನ್ರಿ?”

ಉತ್ತರ ಕೊಡೋಣವೆಂದರೆ, ಹಲ್ಲು ಟೇಬಲ್ಲಿನ ಮೇಲಿತ್ತು.